ಹೆಸರು, ನಮಾಝ್ ಮತ್ತು ಪಿಯಾನೋ: ಅಹ್ಮದ್ ಜಮಾಲ್ ಏರಿದ ಎತ್ತರ



ನಮ್ಮ ಮಕ್ಕಳು ಯಾವುದಾದರೊಂದು ಕ್ಷೇತ್ರದಲ್ಲಿ ಮುಂದೆ ಬರುತ್ತಿದ್ದಾರೆಂದು ತಿಳಿದಾಗ ಮನೆಯವರಿಗೆಲ್ಲ ಸಂತೋಷವಾಗುತ್ತದೆ. ಅದರ ಬೆನ್ನಿಗೇ ಒಂದು ಆತಂಕವೂ ಹುಟ್ಟುತ್ತದೆ. ಆ ಲೋಕದೊಳಗೆ ಕಾಲಿಟ್ಟ ಮೇಲೆ ಇವರ ನಮಾಝ್ ಉಳಿದೀತೇ? ಹಲಾಲ್ ಹರಾಮ್‌ಗಳ ಪರಿವೆ ಉಳಿದೀತೇ? ಹತ್ತು ಜನರ ನಡುವೆ ತಮ್ಮ ಹೆಸರನ್ನು ಹೇಳಿಕೊಳ್ಳಲು ಇವರಿಗೆ ಸಂಕೋಚವಾದೀತೇ? ಈ ಪ್ರಶ್ನೆಗಳನ್ನು ಜೀವನವಿಡೀ ಎದುರಿಸಿದ ಒಬ್ಬ ಕಲಾವಿದರನ್ನು ಇಂದು ನಿಮಗೆ ಪರಿಚಯಿಸುತ್ತಿದ್ದೇನೆ. ಅವರು ಅಮೆರಿಕದ ಪಿಯಾನೋ ವಾದಕ ಮತ್ತು ಸಂಗೀತ ರಚನಕಾರ ಅಹ್ಮದ್ ಜಮಾಲ್.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ವಾದ್ಯ ಸಂಗೀತದ ಬಗ್ಗೆ ಉಲಮಾಗಳಲ್ಲಿ ಅಭಿಪ್ರಾಯಭೇದವಿರುವುದು ನಿಮಗೆ ಗೊತ್ತು. ಹಲವರು ಅದನ್ನು ನಿಷಿದ್ಧವೆಂದಿದ್ದಾರೆ. ಕೆಲವರು ಷರತ್ತುಗಳೊಂದಿಗೆ ಅನುಮತಿಸಿದ್ದಾರೆ. ಆ ಚರ್ಚೆಯನ್ನು ಇತ್ಯರ್ಥಗೊಳಿಸುವುದು ಈ ಲೇಖನದ ಉದ್ದೇಶವಲ್ಲ. ಮದ್ಯ ಮತ್ತು ಮೋಜಿನ ನಡುವೆ ಬೆಳೆದ ಒಂದು ವೃತ್ತಿಯಲ್ಲಿದ್ದೂ ಒಬ್ಬ ಮನುಷ್ಯ ತನ್ನ ದೀನನ್ನು ಹೇಗೆ ಹಿಡಿದುಕೊಂಡ ಎಂಬುದನ್ನು ನೋಡೋಣ.

ಉಕ್ಕಿನ ನಗರದ ಬಾಲಕ

ಅವರು ಹುಟ್ಟಿದ್ದು 1930ರ ಜುಲೈ 2ರಂದು, ಉಕ್ಕಿನ ಕಾರ್ಖಾನೆಗಳಿಗೆ ಹೆಸರಾದ ಪಿಟ್ಸ್‌ಬರ್ಗ್ ನಗರದ ಒಂದು ಕರಿಯ ಕುಟುಂಬದಲ್ಲಿ. ಹೆತ್ತವರಿಟ್ಟ ಹೆಸರು ಫ್ರೆಡರಿಕ್ ರಸೆಲ್ ಜೋನ್ಸ್. ತಂದೆ ಉಕ್ಕಿನ ಕಾರ್ಖಾನೆಯ ಕಾರ್ಮಿಕ, ತಾಯಿ ಮನೆಗೆಲಸ ಮಾಡಿ ಸಂಪಾದಿಸುತ್ತಿದ್ದವರು. ಮಗುವಿಗೆ ಮೂರು ವರ್ಷವಿದ್ದಾಗ ಲಾರೆನ್ಸ್ ಎಂಬ ಮಾವ ಪಿಯಾನೋ ನುಡಿಸಿ, ನೀನೂ ಹೀಗೆ ನುಡಿಸು ನೋಡೋಣ ಎಂದು ಸವಾಲು ಹಾಕಿದರಂತೆ. ಮಗು ಹಾಗೆಯೇ ನುಡಿಸಿಬಿಟ್ಟಿತು!

ಏಳನೆಯ ವಯಸ್ಸಿನಲ್ಲಿ ಅವರಿಗೆ ಕ್ರಮಬದ್ಧ ಪಾಠ ಆರಂಭವಾಯಿತು. ಕಲಿಸಿದವರು ಮೇರಿ ಕಾರ್ಡ್‌ವೆಲ್ ಡಾಸನ್ ಎಂಬ ಕರಿಯ ಮಹಿಳೆ. ದೊಡ್ಡ ರಂಗಮಂದಿರಗಳು ಕರಿಯ ಗಾಯಕರಿಗೆ ಬಾಗಿಲು ತೆರೆಯದಿದ್ದ ಆ ದಿನಗಳಲ್ಲಿ, 1941ರಲ್ಲಿ, ಅವರಿಗಾಗಿಯೇ ಒಂದು ಒಪೆರಾ ಸಂಸ್ಥೆಯನ್ನು ಕಟ್ಟಿದ ಧೀರೆ ಈಕೆ. ಸಹೋದರಿಯರೇ, ಎಷ್ಟೋ ಪ್ರತಿಭೆಗಳ ಹಿಂದೆ ಇಂತಹ ಒಬ್ಬ ಶಿಕ್ಷಕಿ ಇರುತ್ತಾಳೆ. ಲೋಕ ವಿದ್ಯಾರ್ಥಿಯನ್ನು ನೆನಪಿಡುತ್ತದೆ, ಶಿಕ್ಷಕಿಯನ್ನು ಮರೆಯುತ್ತದೆ. ಹದಿನೇಳರ ಪ್ರಾಯದಲ್ಲಿ ಹುಡುಗ ಶಾಲೆ ಮುಗಿಸಿ, ಜಾರ್ಜ್ ಹಡ್ಸನ್ ಎಂಬವರ ವಾದ್ಯಮೇಳದೊಂದಿಗೆ ಊರೂರು ತಿರುಗತೊಡಗಿದ.

ಹೆಸರು ಬದಲಾದಾಗ

1950ರ ದಶಕದ ಆರಂಭದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿದ್ದ ಆ ಯುವಕ ಇಸ್ಲಾಮ್ ಸ್ವೀಕರಿಸಿ ಅಹ್ಮದ್ ಜಮಾಲ್ ಆದರು. ಇದು ಪ್ರಚಾರಕ್ಕಾಗಿ ಇಟ್ಟುಕೊಂಡ ವೇದಿಕೆಯ ಹೆಸರಲ್ಲ. ತನ್ನ ಮೂಲ ಹೆಸರನ್ನು ಮರಳಿ ಪಡೆಯುತ್ತಿದ್ದೇನೆ ಎಂಬುದು ಅವರ ನಿಲುವಾಗಿತ್ತು. ಈ ಮಾತಿನ ಆಳ ತಿಳಿಯಬೇಕಾದರೆ ಚರಿತ್ರೆಯನ್ನು ನೋಡಬೇಕು. ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರಲ್ಲಿ ಮುಸ್ಲಿಮರೂ ಇದ್ದರು. ಅವರ ಭಾಷೆ, ಧರ್ಮ, ಹೆಸರು ಎಲ್ಲವನ್ನೂ ಕಿತ್ತುಕೊಳ್ಳಲಾಯಿತು. ಎಷ್ಟೋ ಕುಟುಂಬಗಳಿಗೆ ಉಳಿದದ್ದು ಯಜಮಾನರು ಕೊಟ್ಟ ಹೆಸರು ಮಾತ್ರ.

ಕರಿಯರನ್ನು ಕೀಳಾಗಿ ಕಾಣುತ್ತಿದ್ದ ದೇಶದಲ್ಲಿ ಕರಿಯನಾಗಿದ್ದುಕೊಂಡು, ಅದರ ಮೇಲೆ ಮುಸ್ಲಿಮ್ ಹೆಸರನ್ನೂ ಹೊತ್ತುಕೊಂಡು ವೃತ್ತಿ ಆರಂಭಿಸುವುದು ಸುಲಭವಾಗಿರಲಿಲ್ಲ. ಆದರೆ ಅಹ್ಮದ್ ಜಮಾಲ್ ಅದನ್ನು ಮುಚ್ಚಿಡಲಿಲ್ಲ. ಐದು ಹೊತ್ತು ನಮಾಝ್ ಮಾಡುವುದನ್ನೂ ಸುಬಹಿಗೆ ಐದು ಗಂಟೆಗೇಳುವುದನ್ನೂ ಅಮೆರಿಕದ ಪ್ರಮುಖ ಪತ್ರಿಕೆಗೇ ಹೇಳಿದರು. ರಾತ್ರಿ ತಡವಾಗಿ ಮುಗಿಯುವ ಕಚೇರಿಗಳೇ ಕಸುಬಾಗಿದ್ದವರು ಸುಬಹಿಗೆ ಏಳುವುದೆಂದರೆ ಏನೆಂದು ನೀವೇ ಊಹಿಸಿ.

ಮೌನದ ಬೆಲೆ

ಜಾಝ್ ಎಂದರೆ ಅಮೆರಿಕದ ಕರಿಯರ ನೋವು ನಲಿವುಗಳಿಂದ ಹುಟ್ಟಿದ ಸಂಗೀತ. ಮೂಲ ರಾಗವೊಂದನ್ನು ಹಿಡಿದುಕೊಂಡು ಕಲಾವಿದ ಅದನ್ನು ಸ್ಥಳದಲ್ಲೇ ಬೆಳೆಸುತ್ತಾ ಹೋಗುತ್ತಾನೆ. ಅಹ್ಮದ್ ಜಮಾಲ್‌ಗೆ ಜಾಝ್ ಎಂಬ ಪದವೇ ಹಿಡಿಸುತ್ತಿರಲಿಲ್ಲ. ಇದು ಅಮೆರಿಕದ ಶಾಸ್ತ್ರೀಯ ಸಂಗೀತ ಎನ್ನುತ್ತಿದ್ದರು. ತನ್ನ ಜನರ ವಿದ್ಯೆಯನ್ನು ಯಾರೂ ಹಗುರವಾಗಿ ಕಾಣಬಾರದೆಂಬ ಸ್ವಾಭಿಮಾನ ಅದರಲ್ಲಿತ್ತು.

ಅಂದಿನ ಹಲವು ವಾದಕರು ವೇಗದಲ್ಲಿ ಸ್ಪರ್ಧಿಸುತ್ತಿದ್ದಾಗ ಇವರು ಸ್ವರಗಳ ನಡುವೆ ಬಿಡುವು ಕೊಟ್ಟರು. ಕುರ್‌ಆನ್ ಪಠಣದೊಂದಿಗೆ ಯಾವುದನ್ನೂ ಹೋಲಿಸಲಾಗದು. ಆದರೂ ಮದ್ರಸದಲ್ಲಿ ಕಲಿತವರಿಗೆ ಒಂದು ವಿಷಯ ಬೇಗನೆ ಅರ್ಥವಾದೀತು. ಅಕ್ಷರದ ಉಚ್ಚಾರವನ್ನು ಕಲಿಸಿದ ಉಸ್ತಾದರು ಎಲ್ಲಿ ನಿಲ್ಲಬೇಕೆಂಬ ವಕ್ಫ್‌ನ ನಿಯಮವನ್ನೂ ಕಲಿಸುತ್ತಾರೆ. ನಿಲ್ಲುವುದೂ ಒಂದು ವಿದ್ಯೆ. ಕೆಲವು ವಿಮರ್ಶಕರು ಇವರದ್ದು ಹೋಟೆಲಿನ ಹಗುರ ಸಂಗೀತವೆಂದು ಮೂಗು ಮುರಿದರು. ಆದರೆ ಆ ಕಾಲದ ಮಹಾನ್ ಕಲಾವಿದ ಮೈಲ್ಸ್ ಡೇವಿಸ್, ತಾನು ಅಹ್ಮದ್ ಜಮಾಲ್‌ರಿಂದ ಪ್ರೇರಣೆ ಪಡೆದಿದ್ದೇನೆಂದು ಬಹಿರಂಗವಾಗಿ ಹೇಳಿದರು.

1958ರ ಜನವರಿ 16ರಂದು ಶಿಕಾಗೋದ ಪರ್ಶಿಂಗ್ ಹೋಟೆಲಿನಲ್ಲಿ, ಇಸ್ರೇಲ್ ಕ್ರಾಸ್ಬಿ ಮತ್ತು ವರ್ನೆಲ್ ಫೋರ್ನಿಯರ್ ಎಂಬ ಇಬ್ಬರು ಜೊತೆಗಾರರೊಂದಿಗೆ ನುಡಿಸಿದ್ದನ್ನು ಧ್ವನಿಮುದ್ರಿಸಲಾಯಿತು. ಆ ಧ್ವನಿಮುದ್ರಿಕೆ 108 ವಾರಗಳ ಕಾಲ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ ಉಳಿಯಿತು. ಹಾಡುಗಾರರಿಲ್ಲದ ಸಂಗೀತಕ್ಕೆ ಇಂತಹ ಯಶಸ್ಸು ಅಪರೂಪ. ಡ್ರಮ್ ನುಡಿಸಿದ ಫೋರ್ನಿಯರ್ ಕೂಡ ಮುಂದೆ 1975ರಲ್ಲಿ ಇಸ್ಲಾಮ್ ಸ್ವೀಕರಿಸಿ ಅಮೀರ್ ರುಶ್ದಾನ್ ಆದರು.

ಮದ್ಯವಿಲ್ಲದ ಅಲ್‌ಹಂಬ್ರಾ

ಹಣ ಬಂದಾಗಲೇ ಮನುಷ್ಯನ ನಿಜವಾದ ಪರೀಕ್ಷೆ. 1959ರಲ್ಲಿ ಆಫ್ರಿಕಾ ಪ್ರವಾಸ ಮಾಡಿ ಬಂದ ಅವರು ಶಿಕಾಗೋದಲ್ಲಿ ತಮ್ಮದೇ ಒಂದು ರೆಸ್ಟೋರೆಂಟನ್ನು ತೆರೆದರು. ಅದಕ್ಕಿಟ್ಟ ಹೆಸರು ಅಲ್‌ಹಂಬ್ರಾ, ಸ್ಪೇನಿನ ಗ್ರನಡಾದಲ್ಲಿ ಮುಸ್ಲಿಮರು ಕಟ್ಟಿದ ಅರಮನೆಯ ಹೆಸರು. ಊಟವಿತ್ತು, ಸಂಗೀತವಿತ್ತು, ಮದ್ಯ ಮಾತ್ರ ಇರಲಿಲ್ಲ.

ಅಲ್ಲಿಯವರೆಗೆ ಅವರು ನುಡಿಸುತ್ತಿದ್ದ ಸ್ಥಳಗಳಲ್ಲಿ ಮದ್ಯ ಮಾರಾಟವಾಗುತ್ತಿತ್ತು ಎಂಬುದು ನಿಜ. ಅಲ್ಲಿನ ಯಜಮಾನಿಕೆ ಅವರದಾಗಿರಲಿಲ್ಲ. ಆದರೆ ಬಾಗಿಲಿನ ಬೀಗ ತನ್ನ ಕೈಗೆ ಬಂದ ದಿನ ಅವರು ಅದನ್ನು ಒಳಗೆ ಬಿಡಲಿಲ್ಲ. ಮದ್ಯ ಕುಡಿಯುವವನೊಂದಿಗೆ ಅದನ್ನು ಮಾರುವವನನ್ನೂ ಹೊರುವವನನ್ನೂ ಪ್ರವಾದಿ(ಸ)ರು ಎಚ್ಚರಿಸಿರುವುದನ್ನು ನಾವೆಲ್ಲ ಕೇಳಿದ್ದೇವೆ. ಅಂತಹ ಉದ್ಯಮದಲ್ಲಿ ಲಾಭದ ದೊಡ್ಡ ಪಾಲು ಬರುವುದೇ ಮದ್ಯದಿಂದ. ಅಲ್‌ಹಂಬ್ರಾ ಹೆಚ್ಚು ಕಾಲ ಬಾಳಲಿಲ್ಲ. 1961ರಲ್ಲಿ ಅಲ್ಲಿ ಮುದ್ರಿಸಿದ ಅವರ ಸಂಗೀತ ಮಾತ್ರ ಉಳಿದಿದೆ. 1962ರಲ್ಲಿ ಅವರ ಮೂವರ ತಂಡವೂ ಮುರಿಯಿತು. ಅವರು ನ್ಯೂಯಾರ್ಕಿಗೆ ಹೋಗಿ, ಸ್ವಲ್ಪ ಕಾಲ ವೇದಿಕೆಯಿಂದಲೇ ದೂರ ಉಳಿದರು. ಸ್ವರಗಳ ನಡುವೆ ಬಿಡುವು ಕೊಡುತ್ತಿದ್ದವರ ಬದುಕಿನಲ್ಲೇ ಒಂದು ದೀರ್ಘ ಬಿಡುವು!

ಮತ್ತೆ ಏರಿದ ಮೆಟ್ಟಿಲು

1960ರ ದಶಕದ ಮಧ್ಯದಲ್ಲಿ ಅವರು ಮರಳಿದರು. ಆಗ ಜೊತೆಗೂಡಿದ ಜಮೀಲ್ ನಾಸಿರ್ ಕೂಡ ಮುಸ್ಲಿಮರಾಗಿದ್ದರು. 1970ರ ‘ದಿ ಅವೇಕನಿಂಗ್’ ಎಂಬ ಧ್ವನಿಮುದ್ರಿಕೆಯ ತುಣುಕುಗಳನ್ನು ಎರಡು ದಶಕಗಳ ನಂತರದ ಯುವ ರ‍್ಯಾಪ್ ಕಲಾವಿದರು ತಮ್ಮ ಹಾಡುಗಳಿಗೆ ಬಳಸಿಕೊಂಡರು. 1994ರಲ್ಲಿ ಅಮೆರಿಕ ಸರಕಾರದ ಕಲಾ ಸಂಸ್ಥೆ ಅವರನ್ನು ಜಾಝ್ ಮಾಸ್ಟರ್ ಎಂದು ಗೌರವಿಸಿತು. 2007ರಲ್ಲಿ ಫ್ರಾನ್ಸ್ ಸರಕಾರ ಸನ್ಮಾನಿಸಿತು. 2017ರಲ್ಲಿ ಗ್ರ್ಯಾಮಿ ಜೀವಮಾನ ಸಾಧನೆಯ ಪ್ರಶಸ್ತಿ ಬಂತು.

ಡಾಸನ್ ಅವರಿಂದ ಪಡೆದುದನ್ನು ಅವರು ಮುಂದಿನವರಿಗೂ ಕೊಟ್ಟರು. ಹಿರೋಮಿ ಎಂಬ ಜಪಾನಿ ಯುವತಿಯ ಪ್ರತಿಭೆಯನ್ನು ಗುರುತಿಸಿ, 2003ರಲ್ಲಿ ಆಕೆಯ ಮೊದಲ ಧ್ವನಿಮುದ್ರಿಕೆಯ ನಿರ್ಮಾಣಕ್ಕೆ ಕೈಜೋಡಿಸಿದರು. ಆಕೆ ಇಂದು ವಿಶ್ವಪ್ರಸಿದ್ಧೆ. ತಮ್ಮ 89ನೆಯ ವಯಸ್ಸಿನಲ್ಲಿ, 2019ರಲ್ಲಿ, ಅವರು ‘ಬಲ್ಲಾಡ್ಸ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. 2023ರ ಏಪ್ರಿಲ್ 16ರಂದು, ರಮಝಾನಿನ ಕೊನೆಯ ದಿನಗಳಲ್ಲಿ, 92ರ ಪ್ರಾಯದಲ್ಲಿ ಅಲ್ಲಾಹನ ಕರೆಗೆ ಓಗೊಟ್ಟರು.

ತಾಯಂದಿರೇ, ನಮ್ಮ ಮಕ್ಕಳು ಪಿಯಾನೋ ನುಡಿಸಬೇಕೆಂದು ನಾನು ಹೇಳುತ್ತಿಲ್ಲ. ನಾಳೆ ಅವರು ಆಸ್ಪತ್ರೆಗೋ ಕಂಪ್ಯೂಟರ್ ಕಂಪನಿಗೋ ನ್ಯಾಯಾಲಯಕ್ಕೋ ಹೋದಾರು. ಅಲ್ಲಿನ ವಾತಾವರಣವನ್ನು ಆರಿಸುವ ಅಧಿಕಾರ ಅವರಿಗಿರಲಿಕ್ಕಿಲ್ಲ. ಆದರೆ ಸುಬಹಿಗೆ ಏಳುವುದು, ತನ್ನ ಹೆಸರನ್ನು ತಲೆಯೆತ್ತಿ ಹೇಳುವುದು, ನಿರ್ಧಾರ ತನ್ನ ಕೈಗೆ ಬಂದಾಗ ಹರಾಮನ್ನು ಹೊರಗಿಡುವುದು ಅವರ ಕೈಯಲ್ಲೇ ಇದೆ. ಈ ಅಭ್ಯಾಸಗಳನ್ನು ಚಿಕ್ಕಂದಿನಲ್ಲೇ ಮನೆಯಲ್ಲಿ ಬೆಳೆಸಿ ಕಳುಹಿಸೋಣ. ನಷ್ಟ ಬಂದರೂ ಸರಿಯಾದುದನ್ನೇ ಮಾಡಿದೆನೆಂಬ ನೆಮ್ಮದಿ ಅವರಿಗೆ ಇರಲಿ. ಅನ್ನದಾತನಾದ ಅಲ್ಲಾಹನು ಇನ್ನೊಂದು ಬಾಗಿಲನ್ನು ತೆರೆಯದೆ ಇರಲಾರ.