ಅರ್ಜಿಯೂ ಒಂದು ಪ್ರಯೋಗವೇ

೧೮೧೨ನೆಯ ಇಸವಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಪ್ಪತ್ತು ವರ್ಷದ ತರುಣನೊಬ್ಬನು ಹಂಫ್ರಿ ಡೇವಿಯ ರಸಾಯನಶಾಸ್ತ್ರದ ಉಪನ್ಯಾಸಗಳನ್ನು ಕೇಳುತ್ತ ಕುಳಿತಿದ್ದನು. ಅವನು ಕಮ್ಮಾರನ ಮಗ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದವನು. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಅಂಗಡಿಯ ಗಿರಾಕಿಯೊಬ್ಬನು ಕೊಟ್ಟ ಟಿಕೆಟ್ಟುಗಳಿಂದ ನಾಲ್ಕು ಉಪನ್ಯಾಸಗಳನ್ನು ಕೇಳುವ ಭಾಗ್ಯ ಅವನದಾಗಿತ್ತು. ಅವನೇ ಮೈಕೇಲ್ ಫ್ಯಾರಡೆ.

ವಿಜ್ಞಾನಕ್ಕೆ ಸಂಬಂಧಿಸಿದ ಯಾವ ಕೆಲಸವಾದರೂ ಸರಿಯೆಂದು ಅವನು ಮೊದಲು ರಾಯಲ್ ಸೊಸೈಟಿಯ ಅಧ್ಯಕ್ಷನಾದ ಸರ್ ಜೋಸೆಫ್ ಬ್ಯಾಂಕ್ಸನಿಗೆ ಪತ್ರ ಬರೆದನು. ಉತ್ತರ ಬರಲಿಲ್ಲ. ೧೮೧೨ರ ಡಿಸೆಂಬರಿನಲ್ಲಿ ಡೇವಿಗೆ ಬರೆದನು. ಪತ್ರದೊಡನೆ, ತಾನು ಕೇಳಿದ ಉಪನ್ಯಾಸಗಳ ಟಿಪ್ಪಣಿಯನ್ನು ಶುದ್ಧಪ್ರತಿ ಮಾಡಿ, ಚಿತ್ರಗಳನ್ನು ಬಿಡಿಸಿ, ರಟ್ಟು ಕಟ್ಟಿದ ಪುಸ್ತಕವನ್ನೂ ಕಳುಹಿಸಿದನು. ‘ನಾನು ಶ್ರದ್ಧಾವಂತ, ಕೈಕೆಲಸ ಬಲ್ಲವನು’ ಎಂಬುದನ್ನು ಆ ಪುಸ್ತಕವೇ ಹೇಳುತ್ತಿತ್ತು. ಪ್ರಯೋಗಶಾಲೆಯ ಸಹಾಯಕನಲ್ಲಿ ಬೇಕಾದ ಗುಣಗಳೂ ಇವೇ ಅಲ್ಲವೇ?

ಡೇವಿಯು ಅವನನ್ನು ಕರೆಸಿ ಮಾತನಾಡಿಸಿದನು. ಆದರೆ ಕೆಲಸ ಖಾಲಿ ಇರಲಿಲ್ಲ. ಇರುವ ಕಸುಬನ್ನು ಬಿಡಬೇಡವೆಂದು ಬುದ್ಧಿ ಹೇಳಿ ಕಳುಹಿಸಿದನು. ಮುಂದೆ ಅಲ್ಲಿನ ಸಹಾಯಕನೊಬ್ಬನು ಜಗಳವಾಡಿ ಕೆಲಸ ಕಳೆದುಕೊಂಡಾಗ ಡೇವಿಗೆ ಆ ತರುಣನ ನೆನಪಾಯಿತು. ೧೮೧೩ರ ಮಾರ್ಚಿಯಲ್ಲಿ ವಾರಕ್ಕೆ ೨೫ ಷಿಲಿಂಗ್ ಸಂಬಳದ ಮೇಲೆ ಫ್ಯಾರಡೆ ನೇಮಕಗೊಂಡನು. ೧೮೩೧ರಲ್ಲಿ ವಿದ್ಯುತ್ಕಾಂತ ಪ್ರೇರಣೆಯನ್ನು ಕಂಡುಹಿಡಿದವನು ಇವನೇ.

ಸ್ಥಾನ ತೆರವಾದುದು ಫ್ಯಾರಡೆಯ ಕೈಯಲ್ಲಿ ಇರಲಿಲ್ಲ. ತೆರವಾದಾಗ ನೆನಪಿಗೆ ಬರುವಂತೆ ಮಾಡಿಕೊಂಡುದು ಮಾತ್ರ ಅವನದೇ.

ಪ್ರತಿವರ್ಷವೂ ಅಂತಿಮ ತರಗತಿಯ ವಿದ್ಯಾರ್ಥಿಗಳು ತಮ್ಮ ಅರ್ಜಿಗಳನ್ನು ನನಗೆ ತೋರಿಸುವುದುಂಟು. ‘ಪರಿಶ್ರಮಿ’, ‘ಪ್ರಾಮಾಣಿಕ’, ‘ಪ್ರಯೋಗನಿಪುಣ’ ಎಂಬ ವಿಶೇಷಣಗಳೇ ಅವುಗಳ ತುಂಬ. ಮಾನ ಹೇಳದ ಉದ್ದದ ಅಳತೆಗೆ ಭೌತಶಾಸ್ತ್ರದಲ್ಲಿ ಹೇಗೆ ಅರ್ಥವಿಲ್ಲವೋ ಹಾಗೆ ಸಾಕ್ಷ್ಯವಿಲ್ಲದ ವಿಶೇಷಣಕ್ಕೂ ಬೆಲೆಯಿಲ್ಲ. ಅದರ ಬದಲು ಹೀಗೆ ಬರೆಯಿರಿ: ‘ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆದೆ. ಬೆಲೆ ಶೇಕಡಾ ೨ರಷ್ಟು ಕಡಿಮೆ ಬಂದಿತು. ದಾರದ ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯದೆ ಇದ್ದುದೇ ಕಾರಣವೆಂದು ಕಂಡುಕೊಂಡು ತಿದ್ದಿದೆ.’ ತನ್ನ ತಪ್ಪನ್ನು ತಾನೇ ಹುಡುಕಬಲ್ಲವನು ಎಂಬುದನ್ನು ಓದುವವರು ಇದರಿಂದಲೇ ತಿಳಿಯುತ್ತಾರೆ. ಪ್ರಕಟಣೆಯನ್ನು ಎರಡು ಬಾರಿ ಓದಿ, ಆ ಕೆಲಸಕ್ಕೆ ಒಪ್ಪುವ ಸಾಕ್ಷ್ಯವನ್ನೇ ಆರಿಸಿರಿ. ಒಂದೇ ಅರ್ಜಿಯನ್ನು ಹತ್ತು ಕಡೆಗೆ ಕಳುಹಿಸುವುದು ಎಲ್ಲ ಬೀಗಗಳಿಗೂ ಒಂದೇ ಕೀಲಿಯನ್ನು ತಿರುಗಿಸಿದಂತೆ.

ಇಷ್ಟಾದರೂ ಉತ್ತರ ಬಾರದಿರಬಹುದು. ೧೯೦೦ರಲ್ಲಿ ಪದವಿ ಪಡೆದ ಐನ್‌ಸ್ಟೈನನು ಹಲವು ಪ್ರಾಧ್ಯಾಪಕರಿಗೆ ಬರೆದರೂ ಸಹಾಯಕನ ಹುದ್ದೆ ದೊರೆಯಲಿಲ್ಲ. ಗೆಳೆಯ ಗ್ರಾಸ್‌ಮನ್ನನ ತಂದೆಯ ಶಿಫಾರಸಿನ ನೆರವಿನಿಂದ ೧೯೦೨ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಆದ್ದರಿಂದ ನಿರಾಕರಣೆಯನ್ನು ನಿಮ್ಮ ಯೋಗ್ಯತೆಯ ಅಳತೆಯೆಂದು ಭಾವಿಸಬೇಡಿರಿ. ಪರಿಚಿತರ ನೆರವು ಕೇಳಲು ನಾಚಬೇಡಿರಿ. ಒಂದೇ ಓದಿಕೆಯಿಂದ ಯಾವ ಪ್ರಯೋಗದ ಫಲವನ್ನೂ ನಿರ್ಣಯಿಸುವುದಿಲ್ಲ. ತಪ್ಪನ್ನು ತಿದ್ದಿ, ಮತ್ತೆ ಅಳೆಯುತ್ತೇವೆ.