ಹಳೆಯ ಪರದೆ, ಹೊಸ ಪರದೆ

ನಾಣ್ಯವೊಂದನ್ನು ಹಾಕಿದರೆ ಕೆಲವು ನಿಮಿಷಗಳ ಆಟಕ್ಕೆ ಅವಕಾಶ ಕೊಡುವ ಯಂತ್ರಗಳು 1970ರ ದಶಕದ ಕೊನೆಯಲ್ಲಿ ಜಪಾನ್ ಮತ್ತು ಅಮೆರಿಕಗಳಲ್ಲಿ ಬಹಳ ಜನಪ್ರಿಯವಾದವು. ಅವುಗಳನ್ನು ಸಾಲಾಗಿ ನಿಲ್ಲಿಸಿದ ಆಟದ ಮನೆಗೆ ಆರ್ಕೇಡ್ ಎಂದು ಹೆಸರು. ಆಳೆತ್ತರದ ಪೆಟ್ಟಿಗೆ, ಅದರೊಳಗೊಂದು ಗಾಜಿನ ಪರದೆ, ಆಡುವವರ ಕೈಗೆ ಒಂದು ಹಿಡಿಕೆ ಇಲ್ಲವೆ ಕೆಲವು ಗುಂಡಿಗಳು. ಯಂತ್ರದ ಹೊರರೂಪ ಇಷ್ಟೇ. 1978ರಲ್ಲಿ ಟೈಟೊ ಸಂಸ್ಥೆಯ ‘ಸ್ಪೇಸ್ ಇನ್ವೇಡರ್ಸ್’, 1980ರಲ್ಲಿ ನಾಮ್ಕೊ ಸಂಸ್ಥೆಯ ‘ಪ್ಯಾಕ್‌ಮನ್’ ಹೊರಬಂದವು.

ಈ ಆಟಗಳನ್ನು ಇಂದೂ ಆಡಬಹುದು. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಆರಂಭಿಸಿದ ‘ಮೇಮ್’ ಎಂಬ ತಂತ್ರಾಂಶವು ಹಳೆಯ ಯಂತ್ರಗಳ ಒಳಗಿನ ವಿದ್ಯುನ್ಮಂಡಲಗಳ ನಡೆಯನ್ನು ಗಣಕಯಂತ್ರದಲ್ಲಿ ಅನುಕರಿಸುತ್ತದೆ. ಆಟದ ನಿಯಮ, ವೇಗ, ಧ್ವನಿಗಳು ಬಹುಮಟ್ಟಿಗೆ ಮೊದಲಿನಂತೆಯೇ ದೊರೆಯುತ್ತವೆ. ಆದರೆ ಚಿತ್ರ ಮಾತ್ರ ಚೂಪು ಅಂಚಿನ ಒರಟು ಚೌಕಗಳ ಗುಂಪಾಗಿ ಕಾಣುತ್ತದೆ. ಅಂದಿನ ಆಟಗಾರರು ಇದನ್ನು ನೋಡಿ ‘ಇದು ಅದಲ್ಲ’ ಎನ್ನುವುದುಂಟು. ಅದು ಕೇವಲ ಕಳೆದ ಕಾಲದ ಹಂಬಲವಲ್ಲ. ಅವರ ಮಾತಿಗೆ ಭೌತಶಾಸ್ತ್ರದ ಆಧಾರವಿದೆ.

ಆ ಯಂತ್ರಗಳಲ್ಲಿದ್ದುದು ಕ್ಯಾಥೋಡ್ ಕಿರಣ ನಳಿಕೆ. ಕನ್ನಡ ನಾಡಿನ ಮನೆಗಳಲ್ಲಿ ಒಂದು ಕಾಲಕ್ಕೆ ಇದ್ದ, ಬೆನ್ನು ಉಬ್ಬಿದ ಟೆಲಿವಿಷನ್ ಪೆಟ್ಟಿಗೆಗಳ ಒಳಗೂ ಇದ್ದುದು ಇದೇ. ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ಎಂಬ ವಿಜ್ಞಾನಿ 1897ರಲ್ಲಿ ಇದರ ಮೂಲರೂಪವನ್ನು ನಿರ್ಮಿಸಿದನು. ಗಾಳಿಯನ್ನು ತೆಗೆದ ಗಾಜಿನ ನಳಿಕೆಯ ಹಿಂತುದಿಯಿಂದ ಎಲೆಕ್ಟ್ರಾನುಗಳ ಕಿರಣ ಹೊರಡುತ್ತದೆ. ವಿದ್ಯುತ್ಕಾಂತಗಳು ಅದನ್ನು ಬಾಗಿಸುತ್ತವೆ. ಪರದೆಯ ಒಳಮೈಗೆ ಬಳಿದ ಫಾಸ್ಫರ್ ಎಂಬ ಲೇಪಕ್ಕೆ ಕಿರಣ ತಗಲಿದೊಡನೆ ಆ ಜಾಗ ಹೊಳೆಯುತ್ತದೆ. ಬರೆಯುವವರ ಕೈ ಎಡದಿಂದ ಬಲಕ್ಕೆ ಸಾಗಿ, ಮತ್ತೆ ಎಡಕ್ಕೆ ಮರಳಿ ಮುಂದಿನ ಸಾಲನ್ನು ಹಿಡಿಯುವಂತೆ, ಕಿರಣವೂ ಸಾಲುಸಾಲಾಗಿ ಓಡಿ ಒಂದು ಸೆಕೆಂಡಿಗೆ ಸುಮಾರು 60 ಬಾರಿ ಇಡೀ ಪರದೆಯನ್ನು ಬರೆದು ಮುಗಿಸುತ್ತದೆ.

ಟೆಲಿವಿಷನ್ನಿನಲ್ಲಿ ಒಂದು ಸಲ ಬೆಸಸಂಖ್ಯೆಯ ಸಾಲುಗಳನ್ನೂ ಮರುಸಲ ಸಮಸಂಖ್ಯೆಯ ಸಾಲುಗಳನ್ನೂ ಬರೆಯುವುದು ರೂಢಿ. ಆ ಕಾಲದ ಆಟದ ಯಂತ್ರಗಳು ಸಾಮಾನ್ಯವಾಗಿ ಪ್ರತಿಸಲವೂ ಅದೇ ಸಾಲುಗಳ ಮೇಲೆಯೇ ಬರೆಯುತ್ತಿದ್ದವು. ಆದುದರಿಂದ ಸಾಲುಗಳ ನಡುವೆ ತೆಳುವಾದ ಕತ್ತಲೆಯ ಗೆರೆಗಳು ಉಳಿಯುತ್ತಿದ್ದವು. ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಕಿರಣ ಪ್ರಬಲವಾದಲ್ಲಿ ಸಾಲು ಉಬ್ಬಿ ಕತ್ತಲೆಯನ್ನು ನುಂಗುತ್ತದೆ. ಮಂದವಾದಲ್ಲಿ ಸಾಲು ಸಣಕಲಾಗುತ್ತದೆ. ಬಣ್ಣದ ಪರದೆಯಲ್ಲಾದರೆ ಕೆಂಪು, ಹಸಿರು, ನೀಲಿ ಕಣಗಳ ಬೆಳಕು ಅಕ್ಕಪಕ್ಕದ ಅಂಚುಗಳನ್ನು ಮೃದುಗೊಳಿಸುತ್ತದೆ. ಹೀಗೆ ಚೌಕಗಳಿಂದ ಕಟ್ಟಿದ ಆಕೃತಿ ಗಾಜಿನ ಮೇಲೆ ದುಂಡಗೆ ಕಾಣುತ್ತಿತ್ತು. ಆಟದ ಚಿತ್ರಗಳನ್ನು ರಚಿಸಿದವರ ಕಣ್ಣ ಮುಂದಿದ್ದುದೂ ಇದೇ ಬಗೆಯ ಪರದೆ. ಯಂತ್ರದ ನೆನಪಿನ ಕೋಶದಲ್ಲಿದ್ದುದು ಅರ್ಧ ಚಿತ್ರ. ಉಳಿದರ್ಧವನ್ನು ನಳಿಕೆ ಬರೆಯುತ್ತಿತ್ತು ಎಂದರೆ ತಪ್ಪಾಗದು.

ಇಂದಿನ ಚಪ್ಪಟೆ ಪರದೆಯಲ್ಲಿ ಕಿರಣವಿಲ್ಲ, ಸಾಲಿನ ಓಟವಿಲ್ಲ. ಸ್ಥಿರವಾದ ಚಿತ್ರಬಿಂದುಗಳು, ಅಂದರೆ ಪಿಕ್ಸೆಲ್‌ಗಳು, ತಮ್ಮ ಚೌಕವನ್ನು ಪೂರ್ತಿ ತುಂಬಿ ನಿಲ್ಲುತ್ತವೆ. ಹಳೆಯ ನೋಟವನ್ನು ತರಲು ಕೆಲವರು ಚಿತ್ರದ ಮೇಲೆ ಅಡ್ಡಡ್ಡಲಾಗಿ ಕಪ್ಪು ಗೆರೆ ಎಳೆದು ತೃಪ್ತರಾಗುತ್ತಾರೆ. ಇದು ವೇಷವೇ ಹೊರತು ಅನುಕರಣೆಯಲ್ಲ. ಪ್ಯಾಕ್‌ಮನ್ ಯಂತ್ರದಲ್ಲಂತೂ ನಳಿಕೆಯನ್ನು ಪಕ್ಕಕ್ಕೆ ಮಗ್ಗುಲು ತಿರುಗಿಸಿ ಕೂರಿಸಿದ್ದರು. ಅಲ್ಲಿನ 224 ಸಾಲುಗಳೂ ನೆಟ್ಟಗೆ ಮೇಲಿನಿಂದ ಕೆಳಕ್ಕೆ ನಿಂತಿದ್ದವು! ಅಡ್ಡಗೆರೆ ಎಳೆದ ಪ್ಯಾಕ್‌ಮನ್ ಎಂದೂ ಇರದಿದ್ದ ಒಂದು ಯಂತ್ರದ ಚಿತ್ರ.

ಸರಿಯಾದ ಕ್ರಮ ಬೇರೆ. ಹೊಸ ಪರದೆಯ ಒಂದೊಂದು ಬಿಂದುವಿನ ಮೇಲೂ ಹಳೆಯ ಕಿರಣ ಎಷ್ಟು ಬೆಳಕು ಚೆಲ್ಲುತ್ತಿತ್ತೆಂದು ತಂತ್ರಾಂಶವು ಲೆಕ್ಕ ಹಾಕಬೇಕು. 240 ಸಾಲುಗಳ ಚಿತ್ರವನ್ನು 1080 ಸಾಲುಗಳ ಪರದೆಗೆ ಹಂಚಿದರೆ ಸಾಲೊಂದಕ್ಕೆ ನಾಲ್ಕೂವರೆ ಬರುತ್ತದೆ. ಅರ್ಧ ಬಿಂದು ಎಂಬುದಿಲ್ಲವಾದ್ದರಿಂದ ಗೆರೆಗಳು ಏರುಪೇರಾಗುತ್ತವೆ. 2160 ಸಾಲುಗಳ ಪರದೆಯಲ್ಲಿ ಸರಿಯಾಗಿ ಒಂಬತ್ತು ಸಿಗುತ್ತವೆ. ನಡುವಿನ ಸಾಲನ್ನು ಬೆಳಗಿಸಿ, ಇಬ್ಬದಿಗೂ ಕ್ರಮೇಣ ಮಂಕುಮಾಡಿದರೆ ಕಿರಣದ ಆಕಾರ ಮೂಡುತ್ತದೆ. ಆದರೆ ಕತ್ತಲೆಯ ಗೆರೆಗಳಿಂದ ಒಟ್ಟು ಬೆಳಕು ಕುಗ್ಗುವುದರಿಂದ, ಅದನ್ನು ತುಂಬಿಕೊಡುವಷ್ಟು ಪ್ರಕಾಶ ಪರದೆಗೆ ಇರಬೇಕು. ಚಲನೆಯದು ಇನ್ನೊಂದು ತೊಡಕು. ನಳಿಕೆಯ ಹೊಳಪು ಸೆಕೆಂಡಿನ ಸಾವಿರದ ಕೆಲವು ಭಾಗಗಳಲ್ಲಿ ಆರಿಹೋಗುತ್ತಿತ್ತು. ಚಪ್ಪಟೆ ಪರದೆ ಮುಂದಿನ ಚಿತ್ರ ಬರುವವರೆಗೆ ಹಿಂದಿನದನ್ನು ಹಿಡಿದಿಡುವುದರಿಂದ ಓಡುವ ಆಕೃತಿ ಕಣ್ಣಿಗೆ ಮಸುಕಾಗುತ್ತದೆ.

ಕೆಲವೆಡೆ ಲೆಕ್ಕವೂ ಸಾಲದು. ಮೊದಲ ಸ್ಪೇಸ್ ಇನ್ವೇಡರ್ಸ್ ಯಂತ್ರದ ಪರದೆ ಕಪ್ಪು ಬಿಳುಪಿನದು. ಬಣ್ಣ ಬರುತ್ತಿದ್ದುದು ಅದರ ಮೇಲೆ ಹೊದಿಸಿದ ಬಣ್ಣದ ಹಾಳೆಯ ಪಟ್ಟಿಗಳಿಂದ. ಆಟದ ಲೆಕ್ಕದಲ್ಲಿ ಆ ಬಣ್ಣದ ಸುಳಿವೇ ಇಲ್ಲ. ಅಟಾರಿ ಸಂಸ್ಥೆಯ 1979ರ ‘ಆಸ್ಟರಾಯ್ಡ್ಸ್’ ಆಟದಲ್ಲಿ ಕಿರಣವು ಸಾಲುಗಳನ್ನು ಓಡದೆ, ಪೆನ್ಸಿಲಿನಂತೆ ನೇರವಾಗಿ ಗೆರೆ ಎಳೆಯುತ್ತಿತ್ತು. ಅಲ್ಲಿ ಹಾರುವ ಗುಂಡು ಕಗ್ಗತ್ತಲೆಯಲ್ಲಿ ಕಿಡಿಯಂತೆ ಉರಿಯುತ್ತಿತ್ತು. ಸಾಮಾನ್ಯ ಚಪ್ಪಟೆ ಪರದೆಗಳಿಗೆ ಆ ಉರಿ ಎಟುಕುವುದಿಲ್ಲ.

ನಳಿಕೆಗಳಿಗೂ ಆಯುಸ್ಸಿದೆ. ಬಳಸಿದಂತೆಲ್ಲ ಫಾಸ್ಫರ್ ಮಂಕಾಗುತ್ತದೆ. ವರ್ಷಗಟ್ಟಲೆ ಒಂದೇ ಚಿತ್ರ ನಿಂತರೆ ಅದರ ಅಚ್ಚು ಗಾಜಿನಲ್ಲಿ ಉಳಿಯುತ್ತದೆ. ಯಂತ್ರ ಆರಿಸಿದ ಮೇಲೂ ಒಳಗೆ ಸಾವಿರಾರು ವೋಲ್ಟುಗಳ ವಿದ್ಯುತ್ತು ಅಡಗಿರಬಹುದಾದ್ದರಿಂದ ಅರಿಯದವರು ಅದನ್ನು ಬಿಚ್ಚುವುದು ಅಪಾಯಕರ. ದೊಡ್ಡ ಕಾರ್ಖಾನೆಗಳು ಇದರ ತಯಾರಿಕೆಯನ್ನು ಎಂದೋ ಕೈಬಿಟ್ಟಿವೆ. ಛಾಯಾಚಿತ್ರವನ್ನು ನಂಬುವಂತೆಯೂ ಇಲ್ಲ. ಕ್ಯಾಮರಾ ಎಷ್ಟೋ ವೇಳೆ ಕಿರಣದ ಅರ್ಧ ಓಟವನ್ನಷ್ಟೇ ಹಿಡಿಯುತ್ತದೆ. ಆದುದರಿಂದ ಈ ಕೆಲಸದಲ್ಲಿ ತೊಡಗಿದವರು ಬೆಳಗುತ್ತಿರುವ ಹಳೆಯ ನಳಿಕೆಯೊಂದನ್ನು ಹೊಸ ಪರದೆಯ ಪಕ್ಕದಲ್ಲಿಟ್ಟು, ಭೂತಗನ್ನಡಿ ಹಿಡಿದು, ಒಂದೊಂದು ಸಾಲಿನ ದಪ್ಪವನ್ನೂ ಹೋಲಿಸಿ ನೋಡುತ್ತಾರೆ.