ಅರಳೆಯ ಎಳೆ, ಜಿನ್ನಿನ ಹದ

ನೂಲಿನಂತೆ ಸೀರೆ ಎಂಬ ಗಾದೆಯನ್ನು ಬಲ್ಲ ನಾವು, ನೂಲಿನ ಗುಣ ಎಲ್ಲಿ ನಿರ್ಧಾರವಾಗುತ್ತದೆಂದು ಯೋಚಿಸುವುದು ಅಪರೂಪ. ಹೊಲದಲ್ಲಿ ಬೆಳೆದ ಎಳೆಯ ಉದ್ದವನ್ನು ಯಾವ ಯಂತ್ರವೂ ಹೆಚ್ಚಿಸಲಾರದು. ಕಾಳಿನಿಂದ ಅರಳೆಯನ್ನು ಬೇರ್ಪಡಿಸುವ ಜಿನ್ ಅದನ್ನು ಉಳಿಸಬಹುದು, ಇಲ್ಲವೇ ಕೆಡಿಸಬಹುದು.

ಜಿನ್ನುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಅಮೆರಿಕದ ಎಲೈ ವಿಟ್ನಿ 1794ರಲ್ಲಿ ಹಕ್ಕುಪತ್ರ ಪಡೆದ ಯಂತ್ರದಿಂದ ಬೆಳೆದು ಬಂದುದು ಗರಗಸದ ಜಿನ್. ಅದರ ಹಲ್ಲುಗಳು ಎಳೆಯನ್ನು ಹಿಡಿದು, ಕಾಳು ತೂರಲಾರದ ಸಂದಿನಿಂದ ಸೆಳೆಯುತ್ತವೆ. ಕೆಲಸ ಚುರುಕು, ಆದರೆ ಎಳೆ ತುಂಡಾಗುವ, ಗಂಟು ಕಟ್ಟುವ ಭಯ ಹೆಚ್ಚು. ಉರುಳೆಯ ಜಿನ್ ನಿಧಾನಿ. ಎಳೆ ಉರುಳೆಗೆ ಅಂಟಿ ಮುಂದೆ ಸಾಗಿದರೆ, ಅಲಗು ಕಾಳನ್ನು ತಡೆಯುತ್ತದೆ. ಭಾರತದಲ್ಲಿ ಇದರ ಬಳಕೆಯೇ ಹೆಚ್ಚು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಗೆ ಅಮೆರಿಕದ ಹತ್ತಿಯಂತೆ ಗರಗಸದ ಜಿನ್ನೂ ಬಂದಿತು; ‘ಸಾ-ಜಿನ್ಡ್ ಧಾರವಾರ್’ ಎಂಬುದು ಹತ್ತಿಯ ಪೇಟೆಯಲ್ಲಿ ಒಂದು ಹೆಸರೇ ಆಯಿತು.

ಯಂತ್ರ ಯಾವುದಾದರೂ ತೇವದ ಹದ ತಪ್ಪಬಾರದು. ಗರಗಸದ ಜಿನ್ನಿಗೆ ಎಳೆಯಲ್ಲಿ ನೂರಕ್ಕೆ 6ರಿಂದ 7 ಪಾಲು ತೇವವಿದ್ದರೆ ಒಳಿತು. ಬಿಸಿಗಾಳಿಯಲ್ಲಿ ಅತಿಯಾಗಿ ಒಣಗಿದ ಎಳೆ ಬಲಗುಂದಿ ಮುರಿಯುತ್ತದೆ. ತೇವ ಮಿಕ್ಕರೆ ಕಸ ಬಿಡದು. ಬಿಳುಪಿನ ಆಸೆಗೆ ಅರಳೆಯನ್ನು ಮತ್ತೆ ಮತ್ತೆ ಕಸ ತೆಗೆಯುವ ಯಂತ್ರಕ್ಕೆ ಒಡ್ಡಿದರೂ ಎಳೆಗೆ ಪೆಟ್ಟೇ. ಗಿಡ್ಡ ಎಳೆ ಹೆಚ್ಚಿದಷ್ಟೂ ನೂಲು ದುರ್ಬಲ, ಒರಟು.

ರೈತ ತಿಂಗಳುಗಟ್ಟಲೆ ಕಾದು ಪಡೆದ ಗುಣ ಕ್ಷಣಮಾತ್ರದಲ್ಲಿ ನಷ್ಟವಾಗಬಹುದು. ತೇವವನ್ನು ಅಳೆದು, ಅವಸರಪಡದೆ, ಒಂದೇ ಸಮನೆ ಹತ್ತಿಯುಣಿಸುವ ಜಾಗ್ರತೆಯು ಅವನ ದುಡಿಮೆಗೆ ಸಲ್ಲಬೇಕಾದ ಮರ್ಯಾದೆ.